ಬಾರದವರ ಲೆಕ್ಕ

ಮೊನ್ನೆ ಶನಿವಾರ ರಾತ್ರಿ ಊಟ ಮುಗಿಸಿ, ಮನೆಯವರೆಲ್ಲ ಮಲಗಿದ ಮೇಲೆ, ಹತ್ತು ಗಂಟೆಗೆ ಸರಿಯಾಗಿ ನಮ್ಮ ಕೂಟದ ಬಾಗಿಲು ತೆರೆದು ಕುಳಿತೆ. ಬಾಗಿಲೆಂದರೆ ಕಂಪ್ಯೂಟರಿನ ಪರದೆ. ಕೂಟವೆಂದರೆ ಆನ್‌ಲೈನ್ ಆಟವೊಂದನ್ನು ಜೊತೆಗೂಡಿ ಆಡುವ ಕೆಲವು ಮಂದಿ. ನಮ್ಮ ಪಟ್ಟಿಯಲ್ಲಿ 23 ಹೆಸರುಗಳಿವೆ. ಅಂದು ಬಂದಿದ್ದವರು ನನ್ನನ್ನೂ ಸೇರಿಸಿ ನಾಲ್ವರು. ಮಿಕ್ಕ 19 ಹೆಸರುಗಳು ಬೂದುಬಣ್ಣಕ್ಕೆ ತಿರುಗಿ, ಹಳೆಯ ಸಂಘಗಳ ಗೋಡೆಯ ಮೇಲೆ ತೂಗುವ ಸಂಸ್ಥಾಪಕರ ಭಾವಚಿತ್ರಗಳಂತೆ, ಸುಮ್ಮನೆ ನನ್ನನ್ನು ನೋಡುತ್ತಿದ್ದವು.

ನಿವೃತ್ತ ಬ್ಯಾಂಕ್ ನೌಕರನಿಗೆ ಈ ಗೀಳು ಎಲ್ಲಿಂದ ಹತ್ತಿತೆಂದು ವಾಚಕರು ಕೇಳಬಹುದು. ತಪ್ಪು ನನ್ನ ಸೋದರಳಿಯನದು. 2008ರಲ್ಲಿ ಅವನು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟವನ್ನು ತೋರಿಸಿದ. ಮಲೆ, ಕಾಡು, ಗುಹೆ, ರಾಕ್ಷಸರಿಂದ ತುಂಬಿದ ಒಂದು ಲೋಕ. ಅದರೊಳಗೆ ದೇಶದೇಶಗಳ ಜನ ವೇಷ ತೊಟ್ಟು ಓಡಾಡುತ್ತಿದ್ದರು. ಒಂದು ತಿಂಗಳಲ್ಲಿ ಅವನಿಗೆ ಬೇಸರವಾಯಿತು, ನನಗೆ ಆಗಲಿಲ್ಲ. ಹಿಂದೆ ಹವ್ಯಾಸಿ ನಾಟಕ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿದ್ದವನೆಂದು ತಿಳಿದ ಕೂಡಲೇ ಜೊತೆಯವರು ಇಲ್ಲಿಯೂ ಅದೇ ಹೊರೆಯನ್ನು ನನ್ನ ತಲೆಗೆ ಕಟ್ಟಿದರು. ಆ ಲೋಕದಲ್ಲಿ ಕೂಟ ಸ್ಥಾಪಿಸಲು ಆಗ ನಾಯಕನಲ್ಲದೆ ಇನ್ನೂ ಒಂಬತ್ತು ಮಂದಿಯ ಸಹಿ ಬೇಕಿತ್ತು. ನಮ್ಮ ರಾಜ್ಯದ 1960ರ ಸಂಘಗಳ ನೋಂದಣಿ ಕಾಯಿದೆ ಏಳೇ ಮಂದಿಗೆ ತೃಪ್ತಿ ಪಡುತ್ತದೆ! ಅಲ್ಲಿಯೂ ಇಲ್ಲಿಯಂತೆಯೇ, ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ, ಅಷ್ಟಿಷ್ಟು ಕೈಗಿಟ್ಟು, ಸಹಿ ಹಾಕಿಸಿಕೊಳ್ಳುವ ಪದ್ಧತಿ ಇತ್ತು. ಸಹಿ ಮಾಡಿದ ಮಹಾಶಯರು ಮರುದಿನವೇ ಮಾಯ.

ಸದಸ್ಯರನ್ನು ಸೇರಿಸುವುದು ಸುಲಭ, ರಿಹರ್ಸಲಿಗೆ ಬರಿಸುವುದು ಕಷ್ಟ ಎಂಬುದು ನಾಟಕ ಸಂಘದಲ್ಲಿಯೇ ನಾನು ಕಂಡುಂಡ ಸತ್ಯ. ನಾಲ್ಕೇ ಹೆಸರು ಉರಿಯುತ್ತಿದ್ದ ಆ ರಾತ್ರಿ ಆಟಕ್ಕಿಂತ ಹೆಚ್ಚಾಗಿ ಆಟಗಾರರ ಕೂಟಗಳ ಇತಿಹಾಸವನ್ನು ಯೋಚಿಸುತ್ತ ಕುಳಿತೆ. ಇಂಥದಕ್ಕೂ ಇತಿಹಾಸವೇ ಎಂದು ನಗುವವರಿದ್ದಾರೆ. ನಗಲಿ. ಅದಕ್ಕೀಗ ಸುಮಾರು ಅರ್ಧ ಶತಮಾನ ವಯಸ್ಸು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ‘ಪ್ಲೇಟೋ’ ಎಂಬ ಕಂಪ್ಯೂಟರ್ ಜಾಲದಲ್ಲಿ 1970ರ ದಶಕದಲ್ಲಿಯೇ ವಿದ್ಯಾರ್ಥಿಗಳು ಕೂಡಿ ಆಡುತ್ತಿದ್ದರು. ಆದರೆ ಮುಂದಿನ ಪರಂಪರೆಗೆ ಹೆಸರು ಕೊಟ್ಟದ್ದು ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯ. ಅಲ್ಲಿ 1978ರಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿ ‘ಮಡ್’ ಎಂಬ ಆಟವನ್ನು ಬರೆಯತೊಡಗಿದ. 1980ರಲ್ಲಿ ಅವನ ಗೆಳೆಯ ರಿಚರ್ಡ್ ಬಾರ್ಟಲ್ ಅದನ್ನು ಕೈಗೆತ್ತಿಕೊಂಡು ಬೆಳೆಸಿದ. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ‘ನೀನು ಕಿರಿದಾದ ದಾರಿಯಲ್ಲಿ ನಿಂತಿದ್ದೀಯೆ’ ಎಂಬಂಥ ಮಾತುಗಳು ತೆರೆಯ ಮೇಲೆ ಮೂಡುತ್ತವೆ. ‘ಪೂರ್ವಕ್ಕೆ ಹೋಗು’ ಎಂದು ನಾವು ಟೈಪು ಮಾಡಬೇಕು. ಹುಡುಕಿದ ನಿಧಿಯನ್ನು ಜೌಗುನೆಲದಲ್ಲಿ ಎಸೆದರೆ ಅಂಕ. ಬೇರೊಬ್ಬ ಆಟಗಾರ ಹೊಡೆದು ಕೊಂದರೆ ತಿಂಗಳುಗಟ್ಟಲೆ ಕೂಡಿಟ್ಟ ಅಂಕವೂ ವೇಷವೂ ಒಟ್ಟಿಗೆ ಮಣ್ಣುಪಾಲು.

ಹಗಲಿನಲ್ಲಿ ಆ ಯಂತ್ರಕ್ಕೆ ಪಾಠ, ಲೆಕ್ಕ, ಸಂಶೋಧನೆಗಳ ಕೆಲಸ. ಹೊರಗಿನವರಿಗೆ ಆಟದೊಳಗೆ ಪ್ರವೇಶವಿದ್ದದ್ದು ನಡುರಾತ್ರಿ ಕಳೆದ ಮೇಲೆ, ಬೆಳಗಿನ ಜಾವದವರೆಗೆ. ಮಾಘಸ್ನಾನಕ್ಕೆ ಏಳುವ ಹೊತ್ತಿನಲ್ಲಿ ಎದ್ದು, ಟೆಲಿಫೋನಿನ ಬಿಲ್ಲನ್ನು ತಲೆಯ ಮೇಲೆ ಹೊತ್ತು, ಚಿತ್ರವಿಲ್ಲದ ಆಟವಾಡಲು ಜನ ಬರುತ್ತಿದ್ದರು! ಇದು ನನಗೆ ಚೋದ್ಯವೆನಿಸಿತು. ಇಂದು ಕೈಯಲ್ಲಿರುವ ಫೋನಿನಲ್ಲಿಯೇ ಲೋಕವೆಲ್ಲ ಕಾಣುತ್ತದೆ. ಆದರೂ ನಮ್ಮ ಸದಸ್ಯರಿಗೆ ರಾತ್ರಿ ಹತ್ತಕ್ಕೆ ಬರುವುದು ಕಷ್ಟ.

ಅವರನ್ನು ಅಲ್ಲಿ ಹಿಡಿದಿಟ್ಟ ಒಂದು ಉಪಾಯ ನನಗೆ ತುಂಬ ಹಿಡಿಸಿತು. ಸಾಕಷ್ಟು ಅಂಕ ಗಳಿಸಿದ ಆಟಗಾರ ಕೊನೆಗೆ ‘ಮಾಂತ್ರಿಕ’ನಾಗುತ್ತಿದ್ದ. ಅವನಿಗೆ ಆಟದಲ್ಲಿ ಗೆಲ್ಲುವುದೇನೂ ಉಳಿದಿಲ್ಲ, ಮನೆಗೆ ಹೋಗಬೇಕಾದವನೇ. ಹಾಗೆ ಕಳುಹಿಸುವ ಬದಲು ಅವನ ಕೈಗೆ ಅಧಿಕಾರ ಕೊಟ್ಟರು: ಹೊಸಬರಿಗೆ ದಾರಿ ತೋರಿಸು, ಜಗಳವಾದರೆ ಬಿಡಿಸು, ಕೀಟಲೆ ಮಾಡುವವನನ್ನು ದಂಡಿಸು. ಆಟಗಾರನಾಗಿ ಮುಗಿದವನು ಪಾರುಪತ್ಯಗಾರನಾಗಿ ಮತ್ತೆ ಶುರುವಾದ. ಪಾತ್ರ ಮಾಡುವ ವಯಸ್ಸು ದಾಟಿದ ನಟನನ್ನು ನಾವು ಸೂತ್ರಧಾರನಾಗಿಸುತ್ತಿದ್ದುದು ಹೀಗೆಯೇ. ‘ಮಡ್’ ಮುಂದೆ ಅಮೆರಿಕದ ‘ಕಂಪ್ಯೂಸರ್ವ್’ ಜಾಲದಲ್ಲಿ 1987ರಿಂದ 1999ರವರೆಗೆ ಬೇರೆ ಹೆಸರಿನಲ್ಲಿ ನಡೆಯಿತು.

ಮಾಂತ್ರಿಕರ ಗುಂಪಿನಿಂದಲೇ ಇನ್ನೊಂದು ಒಳ್ಳೆಯ ಫಲ ಬಂದಿತು. 1989ರ ನವೆಂಬರಿನಿಂದ 1990ರ ಮೇವರೆಗೆ ಅವರು ತಮ್ಮತಮ್ಮೊಳಗೆ ಒಂದೇ ಪ್ರಶ್ನೆಯನ್ನು ಹಿಡಿದು ಚರ್ಚಿಸಿದರು: ಜನ ಇಲ್ಲಿಗೆ ಬರುವುದು ಏತಕ್ಕೆ? ಆ ಚರ್ಚೆಯನ್ನು ಸೋಸಿ ಬಾರ್ಟಲ್ 1996ರಲ್ಲಿ ಒಂದು ಲೇಖನ ಪ್ರಕಟಿಸಿದ. ಆಟಗಾರರನ್ನು ಅವನು ಇಸ್ಪೀಟಿನ ನಾಲ್ಕು ಜಾತಿಗೆ ಹೋಲಿಸಿದ್ದಾನೆ. ಅಂಕ, ಐಶ್ವರ್ಯ ಬಯಸುವವರು ಡೈಮನ್. ಮೂಲೆಮೂಲೆಗಳನ್ನು ಅಗೆದು ನೋಡುವ ಕುತೂಹಲಿಗಳು ಇಸ್ಪೇಟು. ಇಂಗ್ಲಿಷಿನಲ್ಲಿ ಆ ಮಾತಿಗೆ ಸನಿಕೆಯೆಂಬ ಅರ್ಥವಿದೆಯಷ್ಟೆ. ಮಾತಿಗಾಗಿ, ಸ್ನೇಹಕ್ಕಾಗಿ ಬರುವವರು ಆಟೀನು. ಬೇರೆಯವರನ್ನು ಬಡಿದು ಸಂತೋಷಪಡುವವರು ಕಳಾವರ. ಅಲ್ಲಿ ಅದರ ಹೆಸರು ದೊಣ್ಣೆ. ಈ ವಿಂಗಡಣೆಯನ್ನು ಆಮೇಲೆ ಅನೇಕರು ಟೀಕಿಸಿದ್ದಾರೆ; ಮನುಷ್ಯರು ಎಲೆಗಳಂತೆ ಒಂದೇ ಬಣ್ಣದವರಲ್ಲ ಎಂಬ ಮಾತು ನಿಜವೇ. ಆದರೆ ಲೇಖನದ ಬೆಲೆ ಇರುವುದು ವಿಂಗಡಣೆಯಲ್ಲಿ ಅಲ್ಲ. ಒಂದು ಜಾತಿ ಹೆಚ್ಚಿದರೆ ಇನ್ನೊಂದಕ್ಕೆ ಏನಾಗುತ್ತದೆ ಎಂಬ ವಿಚಾರದಲ್ಲಿ. ದೊಣ್ಣೆಯವರು ಹೆಚ್ಚಿದರೆ ಮೊದಲು ಓಡಿಹೋಗುವವರು ಮಾತಿನವರು. ಮಾತಿನವರು ಕಡಿಮೆಯಾದಂತೆ ಉಳಿದ ಮಾತಿನವರೂ ಹೊರಡುತ್ತಾರೆ, ಮಾತಾಡಲು ಜನವಿಲ್ಲವಲ್ಲ! ಯಾರಿಗೂ ಲೆಕ್ಕಕ್ಕೆ ಬಾರದಿದ್ದ ಹರಟೆಮಲ್ಲನೇ ಕೂಟದ ಕಂಬವಾಗಿದ್ದನೆಂದು ತಿಳಿಯುವುದು ಅವನು ಹೋದ ಮೇಲೆ.

ಇದು ಬರಿಯ ತರ್ಕವಲ್ಲ. 1997ರಲ್ಲಿ ಹೊರಟ ‘ಅಲ್ಟಿಮಾ ಆನ್‌ಲೈನ್’ ಆಟದಲ್ಲಿ ಯಾರು ಯಾರನ್ನು ಬೇಕಾದರೂ ಕೊಂದು ದೋಚಬಹುದಿತ್ತು. ಹೊಸಬರು ಊರ ಬಾಗಿಲು ದಾಟಿದರೆ ಗತಿಯಿಲ್ಲ. ಕೊನೆಗೆ 2000ದಲ್ಲಿ ಅದರ ಒಡೆಯರು ಲೋಕವನ್ನೇ ಇಬ್ಭಾಗ ಮಾಡಿ, ಒಪ್ಪಿಗೆಯಿಲ್ಲದೆ ಹೊಡೆಯಲಾಗದ ಎರಡನೆಯ ಲೋಕವನ್ನು ಕಟ್ಟಬೇಕಾಯಿತು.

ಈಗ ‘ಗಿಲ್ಡ್’ಗಳ ಕಾಲಕ್ಕೆ ಬರೋಣ. ಗಿಲ್ಡ್ ಎಂದರೆ ನಾನು ಕೂಟವೆನ್ನುತ್ತಿರುವುದೇ. 1999ರ ಮಾರ್ಚಿಯಲ್ಲಿ ‘ಎವರ್‌ಕ್ವೆಸ್ಟ್’ ಎಂಬ ಆಟ ಬಂದಿತು. ಅದರಲ್ಲಿ ನಾಗಫೆನ್, ವಾಕ್ಸ್ ಎಂಬ ಎರಡು ಘಟಸರ್ಪಗಳು. ಒಂದರದು ಬೆಂಕಿ, ಇನ್ನೊಂದರದು ಹಿಮ. ಒಬ್ಬಿಬ್ಬರಿಂದ ಸಾಯುವ ಪ್ರಾಣಿಗಳಲ್ಲ. ಹತ್ತಾರು ಮಂದಿ ಗಂಟೆಗಟ್ಟಲೆ ಹೆಣಗಬೇಕು. ಸತ್ತ ಸರ್ಪ ಬಿಟ್ಟುಹೋಗುವುದು ಒಂದೆರಡು ಕತ್ತಿಯನ್ನೋ ಕವಚವನ್ನೋ. ಅದು ಮತ್ತೆ ಹುಟ್ಟುವುದು ಸುಮಾರು ಒಂದು ವಾರದ ಮೇಲೆ. ಹಾಗಾದರೆ ಇಂದಿನ ಕತ್ತಿ ಯಾರಿಗೆ? ನಾಯಕ ತನ್ನ ಗೆಳೆಯನಿಗೆ ಕೊಟ್ಟನೆಂದು ಒಡೆದ ಕೂಟಗಳಿಗೆ ಲೆಕ್ಕವಿಲ್ಲ. ಚೀಟು ಎತ್ತಿದರೆ, ಮೊನ್ನೆ ಸೇರಿದವನಿಗೆ ಅದೃಷ್ಟ ಬಂದು, ಆರು ತಿಂಗಳು ದುಡಿದವನು ಬರಿಗೈಯಲ್ಲಿ ಹೋಗುತ್ತಾನೆ.

ಇದಕ್ಕೆ ಅದೇ ವರ್ಷ ‘ಆಫ್ಟರ್‌ಲೈಫ್’ ಎಂಬ ಕೂಟ ಒಂದು ಮದ್ದು ಕಂಡುಹಿಡಿಯಿತು: ಘಟಸರ್ಪವಧೆಯ ಅಂಕ. ಪ್ರತಿ ಬೇಟೆಗೆ ಬಂದವನಿಗೂ ಇಷ್ಟು ಅಂಕವೆಂದು ಖಾತೆಗೆ ಜಮಾ. ಕತ್ತಿ ಬೇಕಾದಾಗ ಆ ಅಂಕದಿಂದ ಖರ್ಚು. ಬ್ಯಾಂಕಿನಲ್ಲಿ ಜೀವ ತೇಯ್ದ ನನಗೆ ಈ ಲೆಡ್ಜರನ್ನು ಕಂಡು ಆದ ಆನಂದವನ್ನು ಏನೆಂದು ಹೇಳಲಿ! ಆಟದ ಒಡೆಯರು ಇಂಥದೊಂದು ವ್ಯವಸ್ಥೆ ಕೊಟ್ಟಿರಲಿಲ್ಲ. ಆಡುವವರೇ ತಮ್ಮೊಳಗೆ ನಾಣ್ಯ ಠಂಕಿಸಿದ್ದರು. ಬೇರೆ ಕೂಟಗಳು ಅದನ್ನು ಎತ್ತಿಕೊಂಡವು, ಬೇರೆ ಆಟಗಳಿಗೂ ಹಬ್ಬಿತು. ಇಂದು ನಿನಗೇನೂ ಸಿಗದಿದ್ದರೂ ನಿನ್ನ ದುಡಿಮೆ ಬರೆದಿಟ್ಟಿದೆ ಎಂದು ಆ ಪುಸ್ತಕ ಹೇಳುತ್ತಿತ್ತು. ಮುಂದಿನ ವಾರ ಬರಲು ಅದೇ ಕಾರಣವಾಗುತ್ತಿತ್ತು.

ಆದರೆ ಲೆಡ್ಜರಿನ ದೋಷಗಳು ನನಗೆ ಗೊತ್ತು. ಹಳಬರ ಖಾತೆ ಊದಿಕೊಂಡು, ಹೊಸಬ ಎಷ್ಟು ದುಡಿದರೂ ಅವರ ಹತ್ತಿರಕ್ಕೂ ಬರಲಾರ. ಕೆಲವರು ಖರ್ಚೇ ಮಾಡದೆ ಜಿಪುಣರಂತೆ ಕೂಡಿಡುತ್ತಾರೆ. ಅದಕ್ಕಾಗಿ ಅಂಕಗಳನ್ನು ಕಾಲಕಾಲಕ್ಕೆ ಸವೆಸುವ ನಿಯಮ, ಅದರ ಮೇಲೆ ವಿನಾಯಿತಿ, ವಿನಾಯಿತಿಯ ಮೇಲೆ ತಕರಾರು. ಎಲ್ಲಕ್ಕಿಂತ ಹೆಚ್ಚಾಗಿ, ಹಾಜರಿ ಪುಸ್ತಕ ಒಬ್ಬ ಬಂದನೇ ಇಲ್ಲವೇ ಎಂದು ಹೇಳುತ್ತದೆ. ಏತಕ್ಕೆ ಬರಲಿಲ್ಲ ಎಂದು ಕೇಳುವುದಿಲ್ಲ.

‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಹೊರಟದ್ದು 2004ರ ನವೆಂಬರಿನಲ್ಲಿ. ಮೊದಮೊದಲು ಅಲ್ಲಿನ ದೊಡ್ಡ ಬೇಟೆಗೆ 40 ಮಂದಿ ಬೇಕಿತ್ತು. 40 ಮಂದಿಯನ್ನು ಒಂದು ರಾತ್ರಿಗೆ ಸೇರಿಸಬೇಕಾದರೆ ಪಟ್ಟಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಹೆಸರಿರಬೇಕು. ಮದುವೆಯ ಊಟದ ಲೆಕ್ಕಕ್ಕೆ ತದ್ವಿರುದ್ಧ. 2007ರ ಜನವರಿಯಲ್ಲಿ ಹೊಸ ಕಂತು ಬಂದಾಗ ದೊಡ್ಡ ಬೇಟೆಯನ್ನು 25 ಮಂದಿಗೆ, ಚಿಕ್ಕದನ್ನು 10 ಮಂದಿಗೆ ಇಳಿಸಿದರು. ಸಣ್ಣ ಕೂಟಗಳಿಗೆ ಉಪಕಾರವೆಂದೇ ತೋರುತ್ತದೆ. ಆದರೆ 40ರಲ್ಲಿ 25 ಕಳೆದರೆ ಉಳಿದ 15 ಮಂದಿ ಯಾರು? ಎರಡು ವರ್ಷ ಹೆಗಲಿಗೆ ಹೆಗಲು ಕೊಟ್ಟವರಲ್ಲಿ ಇಂದು ಹೊರಗೆ ಕೂರುವವರನ್ನು ಆರಿಸಬೇಕಾಯಿತು. ಹತ್ತರ ಬೇಟೆಗೆ ಮೊದಲ ತಂಡ, ಎರಡನೆಯ ತಂಡವೆಂದಾಯಿತು. ಎರಡನೆಯ ತಂಡದವರ ಮುಖ ಬಾಡಿತು. ಘಟಸರ್ಪಗಳಿಂದ ಸೋಲದಿದ್ದ ಎಷ್ಟೋ ಹಳೆಯ ಕೂಟಗಳು ಈ ಕಳೆಯುವ ಲೆಕ್ಕದಿಂದ ಒಡೆದವು.

ಇನ್ನೊಂದು ಬದಲಾವಣೆ 2009ರ ಡಿಸೆಂಬರಿನಲ್ಲಿ. ಐವರು ಸೇರಿ ಹೊಕ್ಕುವ ಗುಹೆಗಳಿಗೆ ಅದುವರೆಗೆ ನಾವೇ ಜನ ಹುಡುಕಬೇಕಿತ್ತು: ಮುಂದೆ ನಿಂತು ಏಟು ತಿನ್ನುವವನೊಬ್ಬ, ಗಾಯ ಮಾಯಿಸುವವನೊಬ್ಬ, ಹೊಡೆಯುವವರು ಮೂವರು. ಆಗ ಬಂದ ಹೊಸ ಬಟನನ್ನು ಒತ್ತಿದರೆ ಯಂತ್ರವೇ ಬೇರೆ ಬೇರೆ ಸರ್ವರುಗಳಿಂದ ಐವರನ್ನು ಕೂಡಿಸಿ ಕಳುಹಿಸುತ್ತದೆ. ಬಹಳ ಅನುಕೂಲ, ನಾನೂ ಒತ್ತಿದ್ದೇನೆ. ನಮಸ್ಕಾರವಿಲ್ಲ, ಹೋಗಿಬರುತ್ತೇನೆ ಎಂಬ ಮಾತಿಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತವರು ಕೂಡ ಇಷ್ಟು ಮೌನವಾಗಿರುವುದಿಲ್ಲ.

ಕ್ಯಾಲಿಫೋರ್ನಿಯದ ಪಾಲೊ ಆಲ್ಟೊ ಸಂಶೋಧನ ಕೇಂದ್ರದ ನಿಕೊಲಾ ಡ್ಯೂಶೆನೊ, ನಿಕ್ ಯೀ ಮೊದಲಾದವರು ಈ ಆಟದ ಜನಗಣತಿಯನ್ನೇ ಮಾಡಿದ್ದರು. ಯಾರು ಯಾವಾಗ ಇದ್ದಾರೆ, ಯಾವ ಕೂಟದವರು ಎಂದು ಯಂತ್ರದಿಂದ ಮತ್ತೆ ಮತ್ತೆ ಎಣಿಸಿ 2006ರಲ್ಲಿ ಪ್ರಕಟಿಸಿದ ಲೇಖನಕ್ಕೆ ಅವರಿಟ್ಟ ಹೆಸರಿನ ತಾತ್ಪರ್ಯ ‘ಜೊತೆಯಲ್ಲಿದ್ದೂ ಒಂಟಿ’ ಎಂದು. ಅನೇಕರು ಸಾವಿರಾರು ಜನರ ನಡುವೆ ಒಬ್ಬೊಬ್ಬರೇ ಆಡುತ್ತಾರೆ. ಜಾತ್ರೆಯಲ್ಲಿ ಒಂಟಿಯಾಗಿ ತಿರುಗುವವನಿಗೆ ಜನದ ಗದ್ದಲ ಬೇಕು, ಜೊತೆ ಬೇಕಿಲ್ಲ. ಮರುವರ್ಷ ಅವರು ಕೂಟಗಳ ಹುಟ್ಟು ಸಾವುಗಳ ಮೇಲೆಯೇ ಇನ್ನೊಂದು ಲೇಖನ ಬರೆದರು. ಎಷ್ಟು ಕೂಟಗಳು ಎಷ್ಟು ಬೇಗ ಕರಗುತ್ತವೆಂದು ಅದರಲ್ಲಿ ಓದಿದಾಗ, ನಮ್ಮದು ಇನ್ನೂ ಉಸಿರಾಡುತ್ತಿರುವುದೇ ದೊಡ್ಡದೆಂದು ತೋರಿತು.

ಆದರೆ ಆ ಉಸಿರನ್ನು ಅರ್ಧ ಹಿಂಡಿದವನು ನಾನೇ. ಅದನ್ನು ಹೇಳದೆ ಈ ಇತಿಹಾಸ ಪೂರ್ತಿಯಾಗದು.

ಮೊದಲಿನ ನಮ್ಮ ಕೂಟದಲ್ಲಿ ಹನ್ನೊಂದು ಮಂದಿ. ಭಾರತದಲ್ಲಿ ಈ ಆಟಕ್ಕೆ ಸರ್ವರು ಇರಲಿಲ್ಲವಾದ್ದರಿಂದ ಯೂರೋಪಿನ ಸರ್ವರಿನಲ್ಲಿ ಆಡುತ್ತಿದ್ದೆವು; ನಾನಿಲ್ಲಿ ಕತ್ತಿ ಎತ್ತಿದರೆ ಅಲ್ಲಿ ಅದು ಇಳಿಯುವಷ್ಟರಲ್ಲಿ ರಾಕ್ಷಸ ಒಂದು ಹೆಜ್ಜೆ ಆಚೆ ಹೋಗಿರುತ್ತಿದ್ದ. ಮೈಸೂರಿನ ಅಧ್ಯಾಪಕರೊಬ್ಬರು, ಡಬ್ಲಿನ್ನಿನಲ್ಲಿ ನೆಲೆಸಿದ ಧಾರವಾಡದ ಇಂಜಿನಿಯರು, ಹಾಸನದಲ್ಲಿ ಮೆಡಿಕಲ್ ಸ್ಟೋರು ಇಟ್ಟವರೊಬ್ಬರು, ಹೀಗೆ. ನಮಗೆ ರಾತ್ರಿ ಹತ್ತಾದರೆ ಡಬ್ಲಿನ್ನಿನಲ್ಲಿ ಬೇಸಗೆಯ ಸಂಜೆ ಐದೂವರೆ. ಅವರು ಮಗುವಿಗೆ ಊಟ ಮಾಡಿಸುತ್ತಲೇ ಬಾಣ ಬಿಡುತ್ತಿದ್ದರು. ಹಾಸನದವರು ನಮ್ಮ ಗಾಯ ಮಾಯಿಸುವವರು. ಹಗಲೆಲ್ಲ ಮಾತ್ರೆ ಕೊಟ್ಟು ರಾತ್ರಿಯೂ ಅದೇ ಕೆಲಸವೇ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅವರಿಲ್ಲದ ದಿನ ಆಟವಿಲ್ಲ. ಹರಟೆ ಹೊಡೆದು ಏಳುತ್ತಿದ್ದೆವು.

2010ರ ಡಿಸೆಂಬರಿನಲ್ಲಿ ಆಟದ ಒಡೆಯರು ಕೂಟಗಳಿಗೂ ಮೆಟ್ಟಿಲುಗಳನ್ನಿಟ್ಟರು. ಸದಸ್ಯರು ಎಷ್ಟು ದುಡಿದರೆ ಕೂಟ ಅಷ್ಟು ಮೇಲೇರುತ್ತದೆ. ಒಟ್ಟು 25 ಮೆಟ್ಟಿಲು, ಏರಿದಂತೆಲ್ಲ ಸವಲತ್ತು. ಹನ್ನೊಂದು ಮಂದಿ ಏರುವುದು ಯಾವಾಗ? ನನ್ನೊಳಗಿದ್ದ ಬ್ರಾಂಚ್ ಮ್ಯಾನೇಜರು ಎಚ್ಚೆತ್ತ. ಡಿಪಾಸಿಟ್ ಸಂಗ್ರಹಕ್ಕೆ ಹೊರಟವನಂತೆ, ಎದುರಾದವರನ್ನೆಲ್ಲ ಸೇರಿಸಿಕೊಂಡೆ. ಎರಡು ತಿಂಗಳಲ್ಲಿ 90 ಹೆಸರು. ಮೆಟ್ಟಿಲು ಏರಿತು. ರಾತ್ರಿ ಹತ್ತಕ್ಕೆ ಮೂವತ್ತು ಹೆಸರು ಉರಿಯುವುದನ್ನು ಕಂಡು ಎಷ್ಟು ಬೀಗಿದೆ! ಗಾಯ ಮಾಯಿಸುವವರೇ ಆರು ಮಂದಿ. ಕನ್ನಡದಲ್ಲಿ ನಡೆಯುತ್ತಿದ್ದ ನಮ್ಮ ಹರಟೆ ಹೊಸಬರಿಗೆ ತಿಳಿಯದೆಂದು ಇಂಗ್ಲಿಷಿಗೆ ತಿರುಗಿತು, ಆಮೇಲೆ ನಿಂತಿತು.

ಹಾಸನದವರು ಬಾರದೆ ಮೂರು ವಾರವಾಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ನಾಲ್ಕನೆಯ ವಾರ ಮೈಸೂರಿನ ಅಧ್ಯಾಪಕರು ಕೇಳಿದಾಗ ಫೋನು ಮಾಡಿದೆ. ಅವರು ಸಿಟ್ಟಿನಿಂದ ಮಾತಾಡಲಿಲ್ಲ. “ಮುಂಚೆ ನಾನು ಬರದೇ ಇದ್ರೆ ಆಟ ನಿಲ್ತಿತ್ತು ಸಾರ್. ಈಗ ನಿಲ್ಲಲ್ಲ. ಒಳ್ಳೇದಾಯ್ತು ಬಿಡಿ, ಅಂಗಡೀಲೂ ಕೆಲಸ ಜಾಸ್ತಿ” ಎಂದರು. ಆ 90 ಮಂದಿಯಲ್ಲಿ ಬಹುಪಾಲು ಇನ್ನೂ ದೊಡ್ಡ ಕೂಟಗಳನ್ನು ಹುಡುಕಿಕೊಂಡು ಆ ವರ್ಷವೇ ಹೊರಟುಹೋದರು. 2014ರಲ್ಲಿ ಒಡೆಯರು ಆ ಮೆಟ್ಟಿಲುಗಳನ್ನೇ ಕಿತ್ತುಹಾಕಿದರು.

ಅದೇ 2014ರ ನವೆಂಬರಿನಲ್ಲಿ ನಾರ್ವೆಯಲ್ಲಿ ಮಾಟ್ಸ್ ಸ್ಟೀನ್ ಎಂಬ ತರುಣ ತೀರಿಕೊಂಡ. ವಯಸ್ಸು 25. ಹುಟ್ಟಿನಿಂದಲೇ ಸ್ನಾಯುಗಳು ಕ್ಷೀಣಿಸುವ ಡುಶೆನ್ ಎಂಬ ಕಾಯಿಲೆ, ಗಾಲಿಕುರ್ಚಿಯ ಬಾಳು. ಬದುಕಿನ ಕೊನೆಯ ವರ್ಷಗಳನ್ನು ಹೆಚ್ಚಾಗಿ ಇದೇ ಆಟದಲ್ಲಿ ‘ಇಬೆಲಿನ್’ ಎಂಬ ವೇಷದಲ್ಲಿ ಕಳೆದಿದ್ದ. ಮಗ ಸ್ನೇಹಿತರಿಲ್ಲದೆ, ಯಾರಿಗೂ ಬೇಡವಾಗಿ ಹೋದನಲ್ಲ ಎಂದು ತಾಯಿತಂದೆಗಳ ಕೊರಗು. ಅವನು ಅಂತರ್ಜಾಲದಲ್ಲಿ ಬರೆಯುತ್ತಿದ್ದ ಪುಟದಲ್ಲಿ ತಂದೆ ಸಾವಿನ ಸುದ್ದಿಯನ್ನು ಹಾಕಿದರು. ಕಾಗದದ ಮೇಲೆ ಕಾಗದ ಬರತೊಡಗಿತು. ದೇಶದೇಶಗಳಿಂದ, ಅವನಿಗೆ ಋಣಿಗಳೆಂದು ಹೇಳುವವರಿಂದ. ಅಂತ್ಯಕ್ರಿಯೆಗೆ ಹೊರದೇಶಗಳಿಂದ ಕೂಟದ ಗೆಳೆಯರು ಬಂದರು. ಈ ಸಂಗತಿಯನ್ನು ಬೆಂಜಮಿನ್ ರೀ ಎಂಬುವರು 2024ರಲ್ಲಿ ಚಲನಚಿತ್ರವಾಗಿ ತೋರಿಸಿದ್ದಾರೆ. ಅನೇಕ ವಾಚಕರು ನೋಡಿರಬಹುದು.

ನಾನು ಕಣ್ಣೊರೆಸಿಕೊಂಡು ನೋಡಿದೆನೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಕಾರ್ಯದರ್ಶಿಯ ಬುದ್ಧಿ ಎಲ್ಲಿಗೆ ಹೋಗುತ್ತದೆ? ಆ ಕೂಟದ ನಿಯಮಗಳೇನೆಂದು ಹುಡುಕಿದೆ. ಅದರ ಹೆಸರು ‘ಸ್ಟಾರ್‌ಲೈಟ್’. ದಾರಿಹೋಕರಿಗೆ ಅಲ್ಲಿ ಪ್ರವೇಶವಿಲ್ಲ. ಇದ್ದ ಸದಸ್ಯರೊಬ್ಬರು ಶಿಫಾರಸು ಮಾಡಬೇಕು, ಆಮೇಲೆ ಕೆಲವು ಕಾಲ ಪರೀಕ್ಷೆ. ಸೇರಿಸಿಕೊಳ್ಳಲು ಅಷ್ಟು ಬಿಗಿ ಮಾಡಿದ ಕೂಟ ಎಷ್ಟೋ ವರ್ಷ ಬಾಳಿತು. ಮಾಟ್ಸನ ನೆನಪಿಗೆ ಅವರು ಆಟದ ಲೋಕದಲ್ಲಿಯೇ ಸೇರುತ್ತಾರೆ. ನನ್ನ 90 ಮಂದಿಯ ಪಟ್ಟಿಯನ್ನು ನೆನೆದು ನಾಚಿಕೆಯಾಯಿತು.

ನೆಲವೇ ಕುಸಿದರೆ ಯಾವ ನಿಯಮವೂ ಸಾಲದೆನ್ನುವುದೂ ನಿಜ. 2012ರ ನವೆಂಬರ್ 30ರಂದು ‘ಸಿಟಿ ಆಫ್ ಹೀರೋಸ್’ ಆಟವನ್ನು ಅದರ ಒಡೆಯರು ನಿಲ್ಲಿಸಿದಾಗ ಅದರ ಕೂಟಗಳೆಲ್ಲ ಒಂದೇ ರಾತ್ರಿ ನಿರಾಶ್ರಿತವಾದವು. ನಮ್ಮಲ್ಲಿಯೇ 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ‘ಪಬ್‌ಜಿ ಮೊಬೈಲ್’ ನಿಷೇಧಿಸಿದಾಗ ನಮ್ಮ ಬೀದಿಯ ಹುಡುಗರ ದಂಡು ದಿಕ್ಕೆಟ್ಟದ್ದನ್ನು ಕಂಡಿದ್ದೇನೆ. ಮರುವರ್ಷ ಅದರ ಭಾರತೀಯ ಅವತಾರ ಬಂದಿತು. ಹುಡುಗರಲ್ಲಿ ಅರ್ಧ ಮಂದಿ ಮರಳಿದರು. ಮರಳಿದವರು ಯಾರೆಂದು ನೋಡಿದರೆ, ಆಟವಿಲ್ಲದ ದಿನಗಳಲ್ಲಿಯೂ ಮೂಲೆಯ ಬೇಕರಿಯ ಮುಂದೆ ಸೇರುತ್ತಿದ್ದವರು.

ಮೊನ್ನೆಯ ಶನಿವಾರಕ್ಕೆ ಮರಳುತ್ತೇನೆ. ನಾಲ್ವರಿದ್ದೆವು, ಗುಹೆಗೆ ಐವರು ಬೇಕು, ಗಾಯ ಮಾಯಿಸುವವರಿಲ್ಲ. “ಬಟನ್ ಒತ್ತಿಬಿಡಿ ಸಾರ್, ಯಾರೋ ಒಬ್ಬ ಬರ್ತಾನೆ” ಎಂದರು ಡಬ್ಲಿನ್ನಿನವರು. ಬೆರಳು ಇಟ್ಟೆ, ತೆಗೆದೆ. ಹತ್ತು ನಿಮಿಷ ಸಮಯ ಕೊಡಿ ಎಂದು ಹೇಳಿ, ಹಾಸನದ ನಂಬರು ಹುಡುಕಿದೆ. ಇಷ್ಟು ವರ್ಷಗಳ ಮೇಲೆ ಬದಲಾಗಿರಬಹುದೆಂದುಕೊಂಡಿದ್ದೆ. ಬದಲಾಗಿರಲಿಲ್ಲ.

“ಯಾರು? ಓ, ಸೆಕ್ರೆಟರಿ ಸಾರ್!” ಎಂದರು. ಹಿಂದೆ ಅಂಗಡಿಯ ಷಟರು ಎಳೆಯುವ ಸದ್ದು ಕೇಳಿಸಿತು. ಏನು ಹೇಳಬೇಕೆಂದು ತೋಚದೆ, ಆಗ ಮೂರು ವಾರ ನಾನು ವಿಚಾರಿಸಲಿಲ್ಲ, ತಪ್ಪಾಯಿತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಮೈಸೂರಿನ ಮೇಷ್ಟರು ಚೆನ್ನಾಗಿದ್ದಾರೆಯೇ, ಡಬ್ಲಿನ್ನಿನ ಮಗು ಈಗ ಎಷ್ಟನೆಯ ಕ್ಲಾಸು ಎಂದು ಕೇಳಿದರು. ಪಾಸ್‌ವರ್ಡ್ ಮರೆತಿದೆಯಂತೆ. ಹಳೆಯ ಕಂಪ್ಯೂಟರನ್ನು ಮಗಳು ಒಯ್ದಿದ್ದಾಳಂತೆ. ಆಟವನ್ನು ಮತ್ತೆ ಇಳಿಸಿಕೊಳ್ಳಬೇಕಾದರೆ ಒಂದು ರಾತ್ರಿಯೇ ಹಿಡಿಯುತ್ತದೆ.

“ಈಗಲೂ ಹತ್ತು ಗಂಟೆಗೇನಾ ಸಾರ್?” ಎಂದರು.

ಹತ್ತಕ್ಕೇ ಎಂದೆ.